ಓಟಕ್ಕಿಂತ ತಡೆ ದೊಡ್ಡದು

ದೂರ ಪ್ರಯಾಣಕ್ಕೆಂದು ಬೈಕು ಕೊಳ್ಳುವ ನಮ್ಮ ತರುಣರು ಮೊದಲು ವಿಚಾರಿಸುವುದು ಅದರ ವೇಗವನ್ನು. ವಿಚಾರಿಸಬೇಕಾದದ್ದು ಅದು ಹೇಗೆ ನಿಲ್ಲುತ್ತದೆ ಎಂಬುದನ್ನು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ರೋಡ್‌ಕಿಂಗನ್ನು ನನ್ನ ವಯಸ್ಸಿನವರು ಮರೆತಿಲ್ಲ. ಕಿಕ್ ಹೊಡೆಯುವ ಕೋಲೇ ಗೇರಿನ ಕೋಲೂ ಆಗುತ್ತಿದ್ದ ಜಾಣ್ಮೆ ಮೆಚ್ಚತಕ್ಕದ್ದು. ಆದರೆ ಬ್ರೇಕುಗಳು ಡ್ರಮ್ಮಿನವು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ೨೦೨೨ರಲ್ಲಿ ಬಂದ ಯೆಜ್ಡಿ ಅಡ್ವೆಂಚರ್‌ಗೆ ಎರಡೂ ಗಾಲಿಗಳಲ್ಲಿ ಡಿಸ್ಕ್, ಎರಡಕ್ಕೂ ಎಬಿಎಸ್.

ಗಾಲಿ ಕಚ್ಚಿಕೊಳ್ಳುವ ಸೂಚನೆ ಕಂಡೊಡನೆ ಎಬಿಎಸ್ ಬ್ರೇಕಿನ ಒತ್ತಡವನ್ನು ಕ್ಷಣಕ್ಷಣಕ್ಕೂ ಸಡಿಲಿಸಿ ಬಿಗಿಗೊಳಿಸುತ್ತದೆ. ಗಾಲಿ ಉರುಳುತ್ತಿದ್ದರಷ್ಟೇ ಬೈಕು ಸವಾರನ ಮಾತು ಕೇಳುತ್ತದೆ. ಕನಮಡಿಯಿಂದ ತಿಕೋಟಾದತ್ತ ಸಾಗುವಾಗ, ಟ್ರ್ಯಾಕ್ಟರುಗಳು ಡಾಂಬರಿನ ಮೇಲೆ ಉದುರಿಸಿದ ಎರೆಮಣ್ಣು ಮಳೆಗೆ ನೆನೆದಿದ್ದರೆ ಇದರ ಬೆಲೆ ತಿಳಿಯುತ್ತದೆ. ಹಾಗೆಂದು ಇದು ಮಂತ್ರವಲ್ಲ: ಸವೆದ ಟಾಯರಿಗೆ ಹಿಡಿತ ಕೊಡಲಾರದು, ಸಡಿಲ ಜಲ್ಲಿಯ ಮೇಲೆ ನಿಲ್ಲುವ ದೂರ ಹೆಚ್ಚಲೂಬಹುದು.

೨೦೧೯ರ ಏಪ್ರಿಲ್‌ನಿಂದ ೧೨೫ ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. ಆದರೆ ಅದನ್ನು ಮುಂದಿನ ಗಾಲಿಗಷ್ಟೇ ಅಳವಡಿಸಿದ ಬೈಕುಗಳೂ ಮಾರಾಟವಾದವು. ನಿಯಮ ಅಷ್ಟಕ್ಕೆ ತೃಪ್ತವಾದರೂ ನೀವು ತೃಪ್ತರಾಗಬೇಡಿ. ಸೈಲೆನ್ಸರಿನ ಸದ್ದಿಗೆ, ಪಕ್ಕದ ಪೆಟ್ಟಿಗೆಗಳ ಅಂದಕ್ಕೆ ಸುರಿಯುವ ಹಣವನ್ನು ಎರಡೂ ಗಾಲಿಗಳ ಎಬಿಎಸ್‌ಗೆ, ಒಳ್ಳೆಯ ಟಾಯರುಗಳಿಗೆ ಕೊಡಿರಿ. ಮನೆಯಲ್ಲಿ ದಾರಿ ಕಾಯುವವರಿಗೆ ನಿಮ್ಮ ವೇಗದ ಲೆಕ್ಕ ಬೇಕಿಲ್ಲ.