ಲೋಕಾರ್ಪಣೆ ಯಾವ ಲೋಕಕ್ಕೆ?

ಹೊಸ ಪುಸ್ತಕ ಕೈಗೆ ಬಂದಾಗ ಲೇಖಕನಿಗಾಗುವ ಸಂತೋಷವನ್ನು ನಾವು ಅಲ್ಲಗಳೆಯುವವರಲ್ಲ. ಅಚ್ಚಿನಮನೆಯಿಂದ ಬಂದ ಕಟ್ಟು ಬಿಚ್ಚಿ ಮೊದಲ ಪ್ರತಿಯನ್ನು ಮೂಸಿ ನೋಡಿದ ಸುಖ ನಮ್ಮಲ್ಲಿ ಹಲವರಿಗೆ ಗೊತ್ತು. ಅದನ್ನು ನಾಲ್ಕು ಜನರೊಡನೆ ಹಂಚಿಕೊಳ್ಳುವುದೂ ಸಹಜವೇ. ನಮ್ಮ ತಕರಾರು ಸಂಭ್ರಮದ ಬಗೆಗಲ್ಲ. ಆ ಸಂಭ್ರಮದಲ್ಲಿ ಪುಸ್ತಕವೇ ಕಾಣೆಯಾಗುತ್ತಿರುವ ಬಗೆಗೆ.

ಮುಂಬಯಿಯ ನಮ್ಮ ಬಿಡುಗಡೆ ಸಮಾರಂಭಗಳನ್ನೇ ನೋಡಿ. ಭಾನುವಾರದ ಸಂಜೆ ಡೊಂಬಿವಲಿಯಿಂದ, ವಿರಾರಿನಿಂದ ಲೋಕಲ್ ರೈಲು ಹಿಡಿದು ಜನ ಬರುತ್ತಾರೆ. ವೇದಿಕೆಯ ಮೇಲೆ ಏಳೆಂಟು ಗಣ್ಯರು. ಶಾಲು, ಹಾರ, ಸ್ಮರಣಿಕೆ, ಛಾಯಾಚಿತ್ರ. ಪುಸ್ತಕವನ್ನು ಇನ್ನೂ ಓದಲಾಗಿಲ್ಲವೆಂದು ವಿನಯದಿಂದ ಒಪ್ಪಿಕೊಂಡ ಮುಖ್ಯ ಅತಿಥಿಗಳು ಅದರ ಮೇಲೆಯೇ ಅರ್ಧ ಗಂಟೆ ಮಾತನಾಡುತ್ತಾರೆ. ಸಭಾಂಗಣದ ಬಾಡಿಗೆ, ಉಪಾಹಾರ ಎಲ್ಲವೂ ಲೇಖಕನ ಕಿಸೆಯಿಂದ. ಕೊನೆಗೆ ಪುಸ್ತಕ ಗೌರವಪ್ರತಿಯಾಗಿ ಕೈಯಿಂದ ಕೈಗೆ ದಾಟಿ, ಕಪಾಟು ಸೇರಿ, ಒಂದು ದಿನ ರದ್ದಿಯವನ ತಕ್ಕಡಿ ಏರುತ್ತದೆ. ಇದನ್ನೇ ನಾವು ಲೋಕಾರ್ಪಣೆ ಎನ್ನುತ್ತೇವೆ!

ಕೊಳ್ಳುವವರೇ ಇಲ್ಲದಾಗ ಹಂಚದೆ ಇನ್ನೇನು ಮಾಡುವುದು ಎಂಬ ಪ್ರಶ್ನೆ ಬರುತ್ತದೆ. ಪುಕ್ಕಟೆ ಸಿಗುವುದನ್ನು ಯಾರು ಕೊಂಡಾರು? ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರು. ಅವರು ಓದುಗನ ಮನೆಬಾಗಿಲಿಗೆ ಹೋದರು. ನಾವು ಓದುಗನನ್ನು ಸಭಿಕನ ಕುರ್ಚಿಯಲ್ಲಿ ಕೂರಿಸಿ ಚಪ್ಪಾಳೆಗಷ್ಟೇ ಬಳಸಿಕೊಂಡೆವು. ಇದೇ ನಗರದಲ್ಲಿದ್ದು ಬರೆದ ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಬಂತು. ಅದರ ಕುರಿತು ಇಂದಿಗೂ ಚರ್ಚೆ ನಡೆಯುತ್ತದೆ. ಅದನ್ನು ಯಾರು ಬಿಡುಗಡೆ ಮಾಡಿದರೆಂದು ಯಾರೂ ಕೇಳುವುದಿಲ್ಲ.

ಹೊರನಾಡಿನಲ್ಲಿ ಈ ತಪ್ಪು ಇನ್ನಷ್ಟು ದುಬಾರಿ. ಇಲ್ಲಿ ಕನ್ನಡ ಪುಸ್ತಕದಂಗಡಿ ಅಪರೂಪ. ಮನೆಯಲ್ಲಿ ಕನ್ನಡವಾಡುವ ನಮ್ಮ ಮಕ್ಕಳಲ್ಲಿ ಅನೇಕರಿಗೆ ಲಿಪಿ ಬಾರದು. ಪುಸ್ತಕ ಮತ್ತು ಓದುಗ ಮುಖಾಮುಖಿಯಾಗುವ ದಿನ ಬಹುಶಃ ಬಿಡುಗಡೆಯ ದಿನವೊಂದೇ. ಅದನ್ನೂ ಸನ್ಮಾನಕ್ಕೆ ಒತ್ತೆಯಿಟ್ಟರೆ ನಮಗುಳಿಯುವುದೇನು?

ನಾವೂ ಶಾಲು ಹೊದ್ದವರೇ, ಗೌರವಪ್ರತಿಗೆ ಕೈಚಾಚಿದವರೇ. ಆದ್ದರಿಂದ ಈ ಮಾತು ಮೊದಲು ನಮಗೇ ಸಲ್ಲಬೇಕು. ಪುಸ್ತಕವನ್ನು ಓದಿದವರು ಇಬ್ಬರೇ ಮಾತನಾಡಲಿ. ಲೇಖಕ ತನ್ನ ನಾಲ್ಕು ಪುಟ ಓದಲಿ. ಲಿಪಿ ಬಾರದ ಮಕ್ಕಳೂ ಕೂತು ಕೇಳಲಿ. ತಿಂಗಳ ಬಳಿಕ, ಕೊಂಡು ಓದಿದವರೆಲ್ಲ ಮತ್ತೆ ಸೇರಿ ಜಗಳವಾಡಲಿ. ಮುಂದಿನ ಬಿಡುಗಡೆಗೆ ಬರುವಾಗ ನಮ್ಮ ಕೈಯಲ್ಲಿ ಹಾರದ ಬದಲು ಪುಸ್ತಕದ ಬೆಲೆ ಇರಲಿ.