ಪಾವತಿಗೂ ಪಾವತೀಗೂ ನಡುವೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ವಿದ್ಯಾರ್ಥಿಗೆ ಒಂದೇ ಪದ ಎರಡು ಅರ್ಥಗಳಲ್ಲಿ ಪರಿಚಿತವಾಗಿದೆ. ಕನ್ನಡದಲ್ಲಿ ‘ಪಾವತಿ’ ಎಂದರೆ ಹಣ ಸಲ್ಲಿಸುವುದು. ಮರಾಠಿಯಲ್ಲಿ ‘ಪಾವತೀ’ ಎಂದರೆ ಸಲ್ಲಿಸಿದ ಹಣಕ್ಕೆ ದೊರೆಯುವ ರಸೀದಿ. ಮನೆಯಲ್ಲಿ ತಂದೆ ‘ಫೀ ತುಂಬಿದಿಯೇನು?’ ಎಂದು ಕೇಳಿದರೆ, ಕಚೇರಿಯ ಕಿಟಕಿಯಲ್ಲಿ ಗುಮಾಸ್ತರು ‘ಪಾವತೀ ಕುಠೇ?’ ಎಂದು ಕೇಳುತ್ತಾರೆ. ಹಿಂದೆ ಈ ಎರಡು ಪ್ರಶ್ನೆಗಳ ನಡುವೆ ಇದ್ದುದು ಆ ಒಂದು ಕಿಟಕಿ ಮಾತ್ರ. ಈಗ ಬ್ಯಾಂಕು, ಗೇಟ್‌ವೇ, ಕಾರ್ಡಿನ ಜಾಲ, ಆ್ಯಪ್ ಎಂದು ನಾಲ್ಕಾರು ಬಾಗಿಲುಗಳಾಗಿವೆ. ಹಲವು ಬಾಗಿಲುಗಳಲ್ಲಿ ಸುಂಕದವರೂ ಕುಳಿತಿದ್ದಾರೆ. ‘ಶುಲ್ಕ’ದ ತದ್ಭವವೇ ‘ಸುಂಕ’ ಎಂಬುದನ್ನು ವ್ಯಾಕರಣದ ತರಗತಿಯಲ್ಲಿ ಕಲಿತವರು ಮೊಬೈಲಿನ ಪರದೆಯ ಮೇಲೆ ಅದನ್ನು ಗುರುತಿಸುವುದಿಲ್ಲವೆಂಬುದು ವಿಚಿತ್ರವಾದರೂ ನಿಜ.

ಪರೀಕ್ಷಾ ಅರ್ಜಿ ತುಂಬುವ ದಿನಗಳನ್ನೇ ನೋಡಬಹುದು. ಶುಲ್ಕ 2,500 ರೂಪಾಯಿ ಎಂದು ಸೂಚನಾಫಲಕದಲ್ಲಿದೆ ಎನ್ನೋಣ. ಕಾರ್ಡಿನ ವಿವರ ತುಂಬಿ ಕೊನೆಯ ಗುಂಡಿ ಒತ್ತುವ ಹೊತ್ತಿಗೆ ಅದು 2,559 ಆಗಿರುತ್ತದೆ. ಶೇಕಡಾ 2ರಂತೆ 50 ರೂಪಾಯಿ ‘ಕನ್ವೀನಿಯನ್ಸ್ ಫೀ’, ಆ 50ರ ಮೇಲೆ ಶೇಕಡಾ 18ರಂತೆ 9 ರೂಪಾಯಿ ಜಿಎಸ್‌ಟಿ. ತೆರಿಗೆ ಬೀಳುವುದು ಪರೀಕ್ಷಾ ಶುಲ್ಕದ ಮೇಲಲ್ಲ, ಗೇಟ್‌ವೇಯ ಕೂಲಿಯ ಮೇಲೆ. ಇಷ್ಟು ತಿಳಿದರೆ ಲೆಕ್ಕ ಬಿಡಿಸಲು ಗಣಿತದ ಪದವಿ ಬೇಕಿಲ್ಲ. ಅದೇ ಪರದೆಯಲ್ಲಿ ಒಂದು ಸಾಲು ಕೆಳಗಿದ್ದ ಯುಪಿಐಯನ್ನು ಆರಿಸಿದ್ದರೆ ಬಹಳ ಸಲ ಈ 59 ರೂಪಾಯಿ ಉಳಿಯುತ್ತಿತ್ತು. ಅದೇನು ಮಹಾ ಮೊತ್ತ ಎನ್ನುವವರು, ಬೀಡಿ ಸುತ್ತುವ ತಾಯಿಯೊಬ್ಬಳು ಅಷ್ಟು ಹಣಕ್ಕೆ ಎಷ್ಟು ಹೊತ್ತು ಕುಳಿತಿರಬೇಕೆಂದು ಒಮ್ಮೆ ವಿಚಾರಿಸಬೇಕು.

ಶುಲ್ಕ ಪಡೆಯುವುದೇ ಅನ್ಯಾಯವೆಂದು ಇಲ್ಲಿ ವಾದವಿಲ್ಲ. ಹಣವನ್ನು ಸುರಕ್ಷಿತವಾಗಿ ಸಾಗಿಸುವುದು ಒಂದು ಕೆಲಸ, ಕೆಲಸಕ್ಕೆ ಕೂಲಿ ಇರಲೇಬೇಕು. ಮಾರುಕಟ್ಟೆಗೆ ಈರುಳ್ಳಿ ತಂದ ರೈತನಿಗೆ ಅಡತಿ ಅಂಗಡಿಯವನು ಕೊಡುವ ಪಟ್ಟಿಯಲ್ಲಿ ಹಮಾಲಿ ಇಷ್ಟು, ತೋಲಾಯಿ ಇಷ್ಟು, ಗಾಡಿ ಬಾಡಿಗೆ ಇಷ್ಟು ಎಂದು ಪ್ರತಿಯೊಂದು ಕಡಿತಕ್ಕೂ ಒಂದು ಹೆಸರಿರುತ್ತದೆ. ಹೊತ್ತವನು ಹಮಾಲ, ತೂಗಿದವನಿಗೆ ತೋಲಾಯಿ. ರೈತ ಜಗಳವಾಡಬಹುದು, ಆದರೆ ಯಾವುದರ ಬಗ್ಗೆ ಜಗಳವೆಂಬುದು ಅವನಿಗೆ ಗೊತ್ತಿರುತ್ತದೆ. ‘ಕನ್ವೀನಿಯನ್ಸ್’ ಎಂಬ ಹೆಸರು ಹಾಗಲ್ಲ. ಯಾರ ಅನುಕೂಲ, ಯಾರು ಮಾಡಿದ ಕೆಲಸ ಎಂಬುದನ್ನು ಅದು ಹೇಳುವುದಿಲ್ಲ.

ಹೆಸರಿನ ಪ್ರಶ್ನೆ ಬರಿಯ ಭಾಷಾಶುದ್ಧಿಯ ಪ್ರಶ್ನೆಯಲ್ಲ. ಕಾರ್ಡಿನ ಮೂಲಕ ಹಣ ಪಡೆದ ವ್ಯಾಪಾರಿಗೆ ಬ್ಯಾಂಕು ಪೂರ್ತಿ ಮೊತ್ತ ಕೊಡದೆ ಸ್ವಲ್ಪ ಮುರಿದುಕೊಳ್ಳುತ್ತದೆ. ಇದಕ್ಕೆ ‘ಮರ್ಚೆಂಟ್ ಡಿಸ್ಕೌಂಟ್ ರೇಟ್’ ಅಥವಾ ಎಂಡಿಆರ್ ಎಂದು ಹೆಸರು. ಡಿಸ್ಕೌಂಟ್ ಎಂದೊಡನೆ ಗಿರಾಕಿಗೆ ಸಿಗುವ ರಿಯಾಯಿತಿ ನೆನಪಾಗುತ್ತದೆ, ಇದು ಅದಲ್ಲ. ಹುಂಡಿಯ ಕಾಲದಿಂದ ಬಂದ ಮರಾಠಿಯ ‘ವಟಾವ’ ಎಂಬ ಮಾತು ಬಲ್ಲ ಹಿರಿಯರಿಗೆ ಇದು ತಟ್ಟನೆ ತಿಳಿಯುತ್ತದೆ. 2018ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಡೆಬಿಟ್ ಕಾರ್ಡಿನ ವಟಾವಕ್ಕೆ ಮಿತಿಯಿದೆ: ವರ್ಷಕ್ಕೆ 20 ಲಕ್ಷದವರೆಗೆ ವಹಿವಾಟುಳ್ಳ ಸಣ್ಣ ವ್ಯಾಪಾರಿಗೆ ಶೇಕಡಾ 0.40, ಉಳಿದವರಿಗೆ ಶೇಕಡಾ 0.90. ವ್ಯಾಪಾರಿ ಈ ಭಾರವನ್ನು ಗ್ರಾಹಕನಿಗೆ ದಾಟಿಸದಂತೆ ನೋಡಿಕೊಳ್ಳಬೇಕೆಂದೂ ಬ್ಯಾಂಕುಗಳಿಗೆ ಸೂಚನೆಯಿದೆ. ಆದರೂ ಡೆಬಿಟ್ ಕಾರ್ಡಿನ ಪಾವತಿಗೆ ಹೆಚ್ಚುವರಿ ಹಣ ಕೇಳುವ ಪುಟಗಳಿವೆ, ಏಕೆಂದರೆ ಅಲ್ಲಿ ಅದರ ಹೆಸರು ಎಂಡಿಆರ್ ಅಲ್ಲ. ರೈಲ್ವೆ ಟಿಕೆಟಿನ ಉದಾಹರಣೆ ಎಲ್ಲರಿಗೂ ಗೊತ್ತಿರುವುದೇ: ಯುಪಿಐ ವ್ಯವಹಾರಕ್ಕೆ ಶುಲ್ಕವಿಲ್ಲದಿದ್ದರೂ ಐಆರ್‌ಸಿಟಿಸಿ ತನ್ನ ಬುಕಿಂಗ್ ಸೇವೆಗೆಂದು ಬೇರೆ ಶುಲ್ಕ ಪಡೆಯುತ್ತದೆ, ಟಿಕೆಟು ರದ್ದಾದರೂ ಅದು ಹಿಂದಿರುಗುವುದಿಲ್ಲ. ಹೆಸರು ಬದಲಾದರೆ ನಿಯಮವೂ ಬದಲಾಗುತ್ತದೆ. ಪದಗಳನ್ನು ಅಭ್ಯಸಿಸುವವರು ಇದನ್ನು ಮೊದಲು ಗಮನಿಸಬೇಕಿತ್ತು.

ಯುಪಿಐ ಉಚಿತ ಎಂಬ ಮಾತನ್ನೂ ಎಚ್ಚರದಿಂದ ಓದಬೇಕು. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ಎಂಡಿಆರ್ ಇಲ್ಲ. 2023ರ ಮಾರ್ಚಿನಲ್ಲಿ ಯುಪಿಐಗೆ ಶೇಕಡಾ 1.1ರಷ್ಟು ಶುಲ್ಕ ಬಂತೆಂಬ ಸುದ್ದಿ ಊರೆಲ್ಲ ಹರಡಿ ಜನ ಗಾಬರಿಗೊಂಡಿದ್ದುಂಟು. ಅದು ವ್ಯಾಲೆಟ್ ಮೂಲಕ ವ್ಯಾಪಾರಿಗೆ 2,000 ರೂಪಾಯಿಗಿಂತ ಹೆಚ್ಚು ಸಲ್ಲಿಸಿದಾಗಿನ ಮಾತು, ಗ್ರಾಹಕ ಕೊಡಬೇಕಾದುದೂ ಅಲ್ಲ. ಆದರೆ ಶೂನ್ಯ ಶುಲ್ಕವೆಂದರೆ ಶೂನ್ಯ ವೆಚ್ಚವಲ್ಲ. ಒಂದು ಪಾಲನ್ನು ಸರ್ಕಾರ ಪ್ರೋತ್ಸಾಹಧನವಾಗಿ ಭರಿಸುತ್ತದೆ. 2024-25ಕ್ಕೆ ಇದಕ್ಕಾಗಿ ಮಂಜೂರಾದ ಮೊತ್ತ ಸುಮಾರು 1,500 ಕೋಟಿ ರೂಪಾಯಿ. ಚಹಾ ಅಂಗಡಿಯಲ್ಲಿ ‘ಇಷ್ಟು ರೂಪಾಯಿ ಬಂತು’ ಎಂದು ಕೂಗುವ ಪೆಟ್ಟಿಗೆಗೆ ಬಹುತೇಕ ಅಂಗಡಿಕಾರರು ತಿಂಗಳ ಬಾಡಿಗೆ ಕೊಡುತ್ತಾರೆ. ಮೊಬೈಲ್ ರೀಚಾರ್ಜಿಗೆ ಕೆಲವು ಆ್ಯಪ್‌ಗಳು ಒಂದೆರಡು ರೂಪಾಯಿ ‘ಪ್ಲಾಟ್‌ಫಾರ್ಮ್ ಫೀ’ ಸೇರಿಸುತ್ತವೆ.

ಹಣ ಖಾತೆಯಿಂದ ಹೋಗಿ ಪಾವತೀ ಬಾರದಿದ್ದಾಗ ವಿದ್ಯಾರ್ಥಿಗಳು ದಂಡದ ಭಯದಿಂದ ಮತ್ತೊಮ್ಮೆ ತುಂಬಿಬಿಡುತ್ತಾರೆ. ಸಂಸ್ಥೆಗೆ ಯುಪಿಐಯಿಂದ ಸಲ್ಲಿಸಿದ ಹಣ ತಲುಪದೆ ನಿಂತರೆ ಐದು ದಿನಗಳೊಳಗೆ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು ಎಂದು ರಿಸರ್ವ್ ಬ್ಯಾಂಕು 2019ರಲ್ಲೇ ಹೇಳಿದೆ. ಕೇಳುವವರಿಲ್ಲದಿದ್ದರೆ ನಿಯಮ ಕಾಗದದಲ್ಲೇ ಉಳಿಯುತ್ತದೆ. ಪರದೆಯ ಮುಂದೆ ಗೊಣಗುವುದು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆಯೇ ಸರಿ; ವ್ಯವಹಾರದ ಸಂಖ್ಯೆಯನ್ನು ಬರೆದಿಟ್ಟುಕೊಂಡು ಬ್ಯಾಂಕಿಗೆ ದೂರು ಕೊಡಬೇಕು.

ಇದೆಲ್ಲಕ್ಕಿಂತ ಗಂಭೀರವಾದುದು ಹಳ್ಳಿಯಲ್ಲಿ ನಡೆಯುತ್ತದೆ. ಆಧಾರ್ ಸಂಖ್ಯೆ ಕೊಟ್ಟು, ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿ 1,500 ರೂಪಾಯಿ ಪಿಂಚಣಿ ತೆಗೆಯುವ ಅಜ್ಜಿಯ ಕೈಗೆ ಕೆಲವೆಡೆ 1,480 ಬರುತ್ತದೆ. ‘ಚಾರ್ಜು’ ಎಂಬ ಒಂದು ಮಾತಿನಲ್ಲಿ ವಿಷಯ ಮುಗಿಯುತ್ತದೆ. ಬ್ಯಾಂಕಿನ ಪರವಾಗಿ ಕೊಡುವ ಸೇವೆಗೆ ಬ್ಯಾಂಕ್ ಮಿತ್ರರು ಗ್ರಾಹಕರಿಂದ ನೇರವಾಗಿ ಶುಲ್ಕ ಪಡೆಯುವಂತಿಲ್ಲ. ಅವರ ಕಮಿಷನ್ ಬ್ಯಾಂಕಿನಿಂದ ಬರಬೇಕು. ಆ ಕಮಿಷನ್ನು ಅವರ ವಿದ್ಯುತ್ತು, ಇಂಟರ್ನೆಟ್ಟು, ಓಡಾಟದ ಖರ್ಚಿಗೆ ಸಾಲದಿರಬಹುದು. ಅದನ್ನು ಅವರು ಬ್ಯಾಂಕಿನೊಡನೆ ಇತ್ಯರ್ಥ ಮಾಡಿಕೊಳ್ಳಬೇಕೇ ಹೊರತು ಅಜ್ಜಿಯ ಹಣದಲ್ಲಲ್ಲ. ಆಕೆಗೆ ಕನ್ನಡವೊಂದೇ ಗೊತ್ತು. ಯಂತ್ರದಿಂದ ಬರುವ ಚೀಟಿ ಇಂಗ್ಲಿಷಿನಲ್ಲಿದೆ, ಊರಿನ ಫಲಕ ಮರಾಠಿಯಲ್ಲಿದೆ. ಆ ಮನೆಯಲ್ಲಿ ಮೂರನ್ನೂ ಓದಬಲ್ಲವರು ಕಾಲೇಜಿಗೆ ಬರುವ ಮೊಮ್ಮಗನೋ ಮೊಮ್ಮಗಳೋ ಮಾತ್ರ.

ಆದ್ದರಿಂದ ಕನ್ನಡ ವಿಭಾಗವು ಮುಂದಿನ ಪರೀಕ್ಷಾ ಅರ್ಜಿಯ ವೇಳೆಗೆ ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಯಾವ ವಿಧಾನದಲ್ಲಿ ತುಂಬಿದರೆ ಒಟ್ಟು ಎಷ್ಟು, ಅದರಲ್ಲಿ ಯಾರಿಗೆ ಎಷ್ಟು ಎಂಬುದನ್ನು ಅಡತಿ ಪಟ್ಟಿಯಂತೆ ಬಿಡಿಸಿ, ಕನ್ನಡ ಮತ್ತು ಮರಾಠಿ ಎರಡರಲ್ಲೂ ಸೂಚನಾಫಲಕಕ್ಕೆ ಹಚ್ಚಬೇಕು. ಅನುವಾದದ ಪತ್ರಿಕೆ ಓದುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಉಪಯುಕ್ತ ಅಭ್ಯಾಸ ಸಿಗುವುದು ಕಷ್ಟ. ‘ಕನ್ವೀನಿಯನ್ಸ್ ಫೀ’ಗೆ ಅವರು ಯಾವ ಕನ್ನಡ ಪದ ಹುಡುಕುತ್ತಾರೆಂಬುದು ಕುತೂಹಲದ ಸಂಗತಿ. ‘ಅನುಕೂಲ ಶುಲ್ಕ’ ಎಂದು ಬರೆದರೆ ಅರ್ಧ ಅಂಕ ಕಳೆಯಬೇಕು.