ಮಾರಿದ್ದು ಕೋವಿ ಮಾತ್ರ ಅಲ್ಲ

ಮೊನ್ನೆ ಒಂದು ಬೆಳಿಗ್ಗೆ ತೋಟಕ್ಕೆ ಇಳಿದು ನೋಡಿದರೆ ಹೊಸತಾಗಿ ನೆಟ್ಟ ಅಡಿಕೆ ಸಸಿಗಳ ಎರಡು ಸಾಲು ಬುಡ ಮೇಲಾಗಿ ಬಿದ್ದಿತ್ತು. ಬಾಳೆಯ ಬುಡವನ್ನೆಲ್ಲ ಉತ್ತು ಹಾಕಿದ ಹಾಗೆ ಮಾಡಿದ್ದವು. ರಾತ್ರಿ ಹಂದಿಗಳ ಹಿಂಡು ಬಂದು ಹೋದದ್ದು. ನೆರೆಮನೆಯವರು ಬೇಲಿಯ ಆಚೆಯಿಂದ ನೋಡಿ, "ನಿಮ್ಮ ಅಪ್ಪ ಇದ್ದಿದ್ದರೆ ನಿನ್ನೆ ರಾತ್ರಿಯೇ ಒಂದು ಈಡು ಕೇಳುತ್ತಿತ್ತು ಮಾರಾಯ್ರೆ" ಅಂದರು. ಚುಚ್ಚಬೇಕು ಅಂತ ಹೇಳಿದ್ದಲ್ಲ. ಆದರೂ ಚುಚ್ಚಿತು. ಅಪ್ಪ ಇಲ್ಲದಿದ್ದರೂ ಅವರ ಕೋವಿ ಇರಬಹುದಿತ್ತು. ಅದನ್ನು ಮಾರಿದವನು ನಾನೇ.

ಕಾಸರಗೋಡಿನ ಕೃಷಿಕರ ಮನೆಗಳಲ್ಲಿ ಕೋವಿ ಎಂದರೆ ಶೋಕಿಯ ವಸ್ತು ಆಗಿರಲಿಲ್ಲ. ಹಾರೆ, ಕತ್ತಿ, ದೋಟಿ ಇದ್ದ ಹಾಗೆ ಅದೂ ಒಂದು ಸಾಮಾನು. ಮಂಗ, ಹಂದಿ, ಕೆಂದಳಿಲುಗಳ ಕಾಟಕ್ಕೆ ಹೆದರಿಸಲಿಕ್ಕೆ ಒಂದು ಶಬ್ದ ಬೇಕಿತ್ತು, ಅಷ್ಟೆ. ಅಪ್ಪ ಹೊಡೆದು ಕೊಂದದ್ದಕ್ಕಿಂತ ಆಕಾಶಕ್ಕೆ ಹಾರಿಸಿದ್ದೇ ಹೆಚ್ಚು. ಒಂದು ಈಡು ಬಿದ್ದರೆ ಒಂದು ವಾರ ಆ ಕಡೆ ಹಂದಿ ಸುಳಿಯುತ್ತಿರಲಿಲ್ಲ.

ಮೂರು ಮುದ್ರೆಯ ಕಾಗದ

ನಮ್ಮದು ಜೋಡುನಳಿಗೆಯ ತೋಟೆ ಕೋವಿ, 12 ಬೋರ್. ನಳಿಗೆಯ ಮೇಲೆ ಬರ್ಮಿಂಗ್‌ಹ್ಯಾಮ್ ಎಂದು ಇಂಗ್ಲಿಷಿನಲ್ಲಿ ಕೊರೆದಿತ್ತು. ಅಜ್ಜ ಅದನ್ನು ತಂದದ್ದು ಕಾಸರಗೋಡು ಇನ್ನೂ ಮದ್ರಾಸ್ ಸರಕಾರದ ಕೆಳಗೆ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿದ್ದ ಕಾಲದಲ್ಲಿ. ಆದ್ದರಿಂದ ಮೊದಲ ಲೈಸೆನ್ಸು ಮಂಗಳೂರಿನದ್ದು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಆಮೇಲಿನ ನವೀಕರಣಕ್ಕೆ ಕಣ್ಣೂರು ಜಿಲ್ಲೆಯ ಮುದ್ರೆ. 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾದ ಮೇಲೆ ವಿದ್ಯಾನಗರದ ಮುದ್ರೆ. ಮನೆ ಕದಲಲಿಲ್ಲ, ತೋಟ ಕದಲಲಿಲ್ಲ, ಮಾಡಿನ ಅಡಿಯ ಗೂಟದಲ್ಲಿ ನೇತಾಡುತ್ತಿದ್ದ ಕೋವಿಯೂ ಕದಲಲಿಲ್ಲ. ಮುದ್ರೆ ಮಾತ್ರ ಮೂರು ಆಯಿತು. ಗಡಿನಾಡಿನವರ ಚರಿತ್ರೆ ಓದಲಿಕ್ಕೆ ಆ ಕಾಗದಗಳಷ್ಟು ಸಾಕಿತ್ತು.

ಅಪ್ಪನಿಗೆ ಅದರ ವಿಷಯದಲ್ಲಿ ಬಹಳ ಶಿಸ್ತು. ಕೋವಿ ಒಂದು ಕಡೆ, ತೋಟೆ ಇನ್ನೊಂದು ಕಡೆ, ತೋಟೆಯ ಪೆಟ್ಟಿಗೆಯ ಬೀಗದ ಕೈ ಅವರ ಸೊಂಟದಲ್ಲಿ. ಖಾಲಿ ಎಂದು ಗೊತ್ತಿದ್ದರೂ ಮುರಿದು ನೋಡದೆ ಕೈಗೆ ಕೊಡುತ್ತಿರಲಿಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೊಲಿಗೆ ಮೆಷಿನಿನ ಎಣ್ಣೆ ಹಾಕಿ ಒರೆಸುವುದು. ಆಯುಧ ಪೂಜೆಯ ದಿನ ಗಂಧ, ಕುಂಕುಮ, ಒಂದು ಕೇಪಳ ಹೂವಿನ ಗೊಂಚಲು. ಒರೆಸುವ ಬಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ಕೂರುವುದು ನನ್ನ ಕೆಲಸ. ಆ ಎಣ್ಣೆಯ ವಾಸನೆ ಈಗಲೂ ಮೂಗಿನಲ್ಲಿದೆ.

45 ದಿನ

2010ರಲ್ಲಿ ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸು ನನ್ನ ಹೆಸರಿಗೆ ಆಯಿತು. ಮೂರು ವರ್ಷಕ್ಕೊಮ್ಮೆ ನವೀಕರಣ. ಅರ್ಜಿ, ಫೋಟೋ, ಪೊಲೀಸ್ ವರದಿ, ಕಚೇರಿಯಿಂದ ಕಚೇರಿಗೆ ಓಡಾಟ. ಇದರ ನಡುವೆ ಚುನಾವಣೆ ಬಂದರೆ ಕೋವಿಯನ್ನು ಠಾಣೆಯಲ್ಲಿ ಇಡಬೇಕು. ಲೋಕಸಭೆ, ವಿಧಾನಸಭೆ, ಪಂಚಾಯತು ಅಂತ ಐದು ವರ್ಷದಲ್ಲಿ ಮೂರು ಸಲ. 2019ರಲ್ಲಿ ಲೋಕಸಭಾ ಚುನಾವಣೆಯೂ ನವೀಕರಣವೂ ಒಟ್ಟಿಗೆ ಬಂತು. ಏಪ್ರಿಲ್ 23ಕ್ಕೆ ಮತದಾನ ಮುಗಿದರೂ ಕೋವಿ ನನ್ನ ಕೈಗೆ ಬರುವಾಗ ಮಳೆಗಾಲ ಹಿಡಿದಿತ್ತು. ಹಿಡಿಯ ಮರಕ್ಕೆ ಬೂಸ್ಟು, ನಳಿಗೆಯಲ್ಲಿ ತುಕ್ಕಿನ ಚುಕ್ಕೆ. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ, "ಯಾಕಪ್ಪ ಈ ತಲೆಬಿಸಿ, ಕೊಟ್ಟುಬಿಡಿ" ಅಂದ. ಹೆಂಡತಿಯೂ ಹೂಂ ಅಂದಳು. ನನಗೂ ಸಾಕಾಗಿತ್ತು.

ಬೇರೆ ಜಿಲ್ಲೆಯ ಒಬ್ಬ ಲೈಸೆನ್ಸುದಾರರು ಕೇಳಿಕೊಂಡು ಬಂದರು. ಕೈಗೆ ಸಿಕ್ಕಿದ್ದು ಒಂದು ಕರೆಯುವ ಹಸುವಿನ ಬೆಲೆಗಿಂತ ಕಡಿಮೆ. ಕಾನೂನಿನ ಪ್ರಕಾರ ಹೀಗೆ ಮಾರುವವರು 45 ದಿನ ಮೊದಲೇ ಲಿಖಿತವಾಗಿ ಅಧಿಕಾರಿಗಳಿಗೆ ತಿಳಿಸಬೇಕು. ಅಂದರೆ ಮನಸ್ಸು ಬದಲಿಸಲಿಕ್ಕೆ ನನಗೆ ಒಂದೂವರೆ ತಿಂಗಳು ಇತ್ತು. ಅಷ್ಟು ದಿನ ನಾನು ಮಾಡಿದ್ದು ಯಾವಾಗ ಮುಗಿಯುತ್ತದೆ ಅಂತ ದಿನ ಎಣಿಸಿದ್ದು. ಕೊಂಡವರು ಜೀಪಿನ ಹಿಂದಿನ ಸೀಟಿನಲ್ಲಿ ಗೋಣಿ ಸುತ್ತಿ ಮಲಗಿಸಿದಾಗ ಮಾತ್ರ, ಅಪ್ಪನನ್ನು ಎರಡನೇ ಸಲ ಕಳುಹಿಸಿ ಕೊಟ್ಟ ಹಾಗೆ ಅನ್ನಿಸಿತು. ಅವರನ್ನು ಕರೆದು ಹಣ ವಾಪಸು ಕೊಡಬಹುದಿತ್ತು. ನಾಚಿಕೆಯಾಯಿತು. ಸುಮ್ಮನಾದೆ.

ನಾಲ್ಕು ತಿಂಗಳೊಳಗೆ, 2019ರ ಡಿಸೆಂಬರಿನಲ್ಲಿ, ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಬಂತು. ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಯಾವ ಓಡಾಟಕ್ಕೆ ಹೆದರಿ ಮಾರಿದೆನೋ ಆ ಓಡಾಟ ಹತ್ತಿರ ಹತ್ತಿರ ಅರ್ಧ ಆಯಿತು.

ಪಂಚಾಯತು ಕೇಳಿದಾಗ

ಅಸಲು ಪೆಟ್ಟು ಬಿದ್ದದ್ದು 2022ರಲ್ಲಿ. ಹಂದಿಯನ್ನು ಕ್ಷುದ್ರಜೀವಿ ಎಂದು ಘೋಷಿಸಿ ಎಂದು ಕೇರಳ ಕೇಳಿದ್ದನ್ನು ಕೇಂದ್ರ ಒಪ್ಪಲಿಲ್ಲ. ಆಗ ರಾಜ್ಯ ಸರಕಾರ ಅದೇ ವರ್ಷದ ಮೇ ತಿಂಗಳಲ್ಲಿ ಬೇರೆ ದಾರಿ ಹಿಡಿಯಿತು. ಪಂಚಾಯತು, ನಗರಸಭೆಗಳ ಅಧ್ಯಕ್ಷರಿಗೆ ಗೌರವ ವನ್ಯಜೀವಿ ವಾರ್ಡನ್ ಎಂಬ ಸ್ಥಾನ ಕೊಟ್ಟು, ಬೆಳೆಗೂ ಜೀವಕ್ಕೂ ಅಪಾಯ ತರುವ ಹಂದಿಯನ್ನು ಕೊಲ್ಲಿಸುವ ಅಧಿಕಾರ ಕೊಟ್ಟಿತು. ವಿಷ, ಸ್ಫೋಟಕ, ವಿದ್ಯುತ್ ತಂತಿ ಬಳಸುವ ಹಾಗಿಲ್ಲ. ಲೈಸೆನ್ಸು ಇರುವ ಕೋವಿಯವರೇ ಹೊಡೆಯಬೇಕು. ಸತ್ತದ್ದನ್ನು ತಿನ್ನುವ ಹಾಗೂ ಇಲ್ಲ, ಹೂಳಬೇಕು.

ನಮ್ಮ ಪಂಚಾಯತಿನವರು ಪಟ್ಟಿ ಮಾಡಲಿಕ್ಕೆ ಹೊರಟಾಗ ಮೊದಲು ಬಂದದ್ದು ನಮ್ಮ ಮನೆಗೆ. "ನಿಮ್ಮಲ್ಲಿ ಜೋಡುನಳಿಗೆ ಉಂಟಲ್ಲ?" ಅಂತ ಕೇಳಿದರು. ಇತ್ತು, ಈಗ ಇಲ್ಲ ಅಂದೆ. ಆಚೆ ಮನೆಯಲ್ಲಿ ವಿಚಾರಿಸಿದರೆ ಅವರೂ ಮಾರಿದ್ದರು. ಇನ್ನೊಬ್ಬರದ್ದು ಲೈಸೆನ್ಸು ಮುಗಿದು ಠಾಣೆಯಲ್ಲೇ ಉಳಿದಿತ್ತು. ಮಗ ಊರಲ್ಲಿಲ್ಲ, ಬಿಡಿಸುವವರಿಲ್ಲ. ಅಪ್ಪನ ಕಾಲದಲ್ಲಿ ನಮ್ಮ ಬೈಲಿನಲ್ಲೇ ಐದಾರು ಕೋವಿ ಇತ್ತು. ಕೊನೆಗೆ ದೂರದ ಊರಿನಿಂದ ಕರೆಸಬೇಕಾಯಿತು. ಹಂದಿ ಬರುವುದು ರಾತ್ರಿ ಎರಡು ಗಂಟೆಗೆ. ಅವರು ಬರುವುದು ಮರುದಿನ ಸಂಜೆಗೆ.

ನಾನು ಹೊಸ ಲೈಸೆನ್ಸಿಗೆ ಅರ್ಜಿ ಹಾಕಿದೆ. ಹೊಸಬರಿಗೆ 2016ರ ನಿಯಮಗಳ ಪ್ರಕಾರ ತರಬೇತಿ ಪತ್ರವೂ ಬೇಕು. ನಾಲ್ಕನೇ ವಯಸ್ಸಿನಿಂದ ಕೋವಿ ಒರೆಸಿದವನು ಈಗ ಹೊಸಬ! ವಿಚಾರಣೆಯ ವೇಳೆ ಒಬ್ಬರು ಸಹಜವಾಗಿಯೇ ಕೇಳಿದರು: "ಬೇಕಿತ್ತಾದರೆ ಇದ್ದದ್ದನ್ನು ಮಾರಿದ್ದು ಎಂತಕ್ಕೆ?" ನನ್ನಲ್ಲಿ ಉತ್ತರ ಇರಲಿಲ್ಲ. ಲೈಸೆನ್ಸು ಸಿಗಲಿಲ್ಲ. ನಾನು ಮಾರಿದ್ದು ಕಬ್ಬಿಣ, ಮರ ಮಾತ್ರ ಅಲ್ಲ. ಅಜ್ಜನಿಂದ ಬಂದ ಒಂದು ಹಕ್ಕನ್ನೂ ಅದರೊಟ್ಟಿಗೆ ಕೊಟ್ಟುಬಿಟ್ಟಿದ್ದೆ ಅಂತ ಆಗ ಗೊತ್ತಾಯಿತು.

ಕೋವಿ ಹೋದಲ್ಲಿ ತಂತಿ ಬಂತು

ಕೋವಿ ಹೋದದ್ದೇ ಒಳ್ಳೆಯದು ಎನ್ನುವವರೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವುದಿಲ್ಲ. ಕುಡಿದವನ ಕೈಗೆ, ಜಗಳದ ಮನೆಗೆ, ಮಕ್ಕಳ ಕೈಗೆ ಸಿಕ್ಕಿದರೆ ಅದು ಮನೆ ಹಾಳು ಮಾಡುವ ವಸ್ತುವೇ. ಅಂಥವರ ಲೈಸೆನ್ಸು ರದ್ದಾಗಲಿ. ಆದರೆ ಲೆಕ್ಕಕ್ಕೆ ಸಿಗುವ ಕೋವಿ ಹೋದಲ್ಲಿ ಏನು ಬರುತ್ತದೆ ಅಂತಲೂ ನೋಡಬೇಕಲ್ಲ? ಬರುವುದು ಉರುಳು, ಕಳ್ಳಕೋವಿ, ಕರೆಂಟು ಹಾಯಿಸಿದ ತಂತಿ. 2025ರ ಜೂನಿನಲ್ಲಿ ಮಲಪ್ಪುರಂ ಜಿಲ್ಲೆಯ ವಳಿಕ್ಕಡವಿನಲ್ಲಿ ಹಂದಿಗೆಂದು ಎಳೆದ ವಿದ್ಯುತ್ ತಂತಿ ತಗಲಿ ಒಬ್ಬ ಶಾಲಾ ಬಾಲಕ ಸತ್ತ. ಲೈಸೆನ್ಸಿನ ಕೋವಿಗೆ ಹೆಸರು ಉಂಟು, ನಂಬರು ಉಂಟು, ಜವಾಬ್ದಾರಿ ಹೊತ್ತವನೊಬ್ಬ ಉಂಟು. ಕತ್ತಲೆಯಲ್ಲಿ ಹಾಕಿದ ತಂತಿಗೆ ಯಾರೂ ಇಲ್ಲ.

ಆದ್ದರಿಂದ ಇನ್ನೂ ಕೋವಿ ಉಳಿಸಿಕೊಂಡ ಮನೆಯವರಲ್ಲಿ ನನ್ನದೊಂದು ವಿನಂತಿ. ಬೇಜಾರಿನಲ್ಲಿ ಮಾರಬೇಡಿ. ವಯಸ್ಸಾಯಿತು, ಓಡಾಡಲಿಕ್ಕೆ ಆಗುವುದಿಲ್ಲ ಎನ್ನುವವರಿಗೆ 2016ರ ನಿಯಮಗಳಲ್ಲೇ ದಾರಿ ಇದೆ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ, ಅಥವಾ ಕೋವಿ ಅವರ ಕೈಯಲ್ಲಿ 25 ವರ್ಷ ಇದ್ದರೆ, ಬದುಕಿರುವಾಗಲೇ ವಾರಸುದಾರರೊಬ್ಬರನ್ನು ಸೂಚಿಸಿ ಅವರ ಹೆಸರಿಗೆ ಕೇಳಬಹುದು. ಪರವೂರಿನ ಮಗನೇ ಆಗಬೇಕೆಂದಿಲ್ಲ, ಮಗಳಿಗೂ ಆಗಬಹುದು. ನಿಜವಾಗಿಯೂ ಬೇಡ ಎಂದಾದರೆ ಊರಿನಲ್ಲೇ ಕೃಷಿ ಮಾಡುವ, ನಂಬಿಕೆಯ ಲೈಸೆನ್ಸುದಾರರಿಗೆ ಕೊಡಿ. ಕೋವಿ ಪಂಚಾಯತಿನೊಳಗೆ ಉಳಿಯುತ್ತದೆ.

ಅಧಿಕಾರಿಗಳಲ್ಲೂ ಎರಡು ಮಾತು. ಹಂದಿ ಹೊಡೆಯಲಿಕ್ಕೆ ಲೈಸೆನ್ಸುದಾರರು ಬೇಕು ಎನ್ನುವ ಸರಕಾರ ಲೈಸೆನ್ಸು ಇಟ್ಟುಕೊಳ್ಳುವುದನ್ನು ಇಷ್ಟು ಕಷ್ಟ ಮಾಡಬಾರದು. ವರ್ಷಕ್ಕೆ ಒಂದು ದಿನ ಪಂಚಾಯತಿನಲ್ಲೇ ನವೀಕರಣದ ಶಿಬಿರ ಇಡಲಿ. ವೈದ್ಯರು, ಪೊಲೀಸರು ಅಲ್ಲಿಗೇ ಬರಲಿ. ಅರ್ಜಿ, ನೋಟೀಸು ನಮಗೆ ಓದಲಿಕ್ಕೆ ಬರುವ ಕನ್ನಡದಲ್ಲಿರಲಿ. ಚುನಾವಣೆ ಮುಗಿದ ವಾರದೊಳಗೆ ಕೃಷಿಕರ ಕೋವಿ ವಾಪಸು ಸಿಗಲಿ, ಬೂಸ್ಟು ಹಿಡಿಯುವ ಮೊದಲು.

ನನ್ನದಂತೂ ಹೋಯಿತು. ಕಳೆದ ಆಯುಧ ಪೂಜೆಗೆ ಹಾರೆ, ಕತ್ತಿ, ದೋಟಿ, ಪಂಪು ಎಲ್ಲದಕ್ಕೂ ಗಂಧ ಹಚ್ಚಿ ಆಯಿತು. ಅಭ್ಯಾಸಬಲದಿಂದ ಒಂದು ಗೊಂಚಲು ಕೇಪಳ ಹೆಚ್ಚು ಕೊಯ್ದಿದ್ದೆ. ಎಲ್ಲಿಡುವುದು ಅಂತ ಗೊತ್ತಾಗದೆ ಆ ಖಾಲಿ ಗೂಟಕ್ಕೇ ಸಿಕ್ಕಿಸಿದೆ.